1941ರ ರಷ್ಯನ್ ಹಳ್ಳಿ, 28 ಮಿಮೀ: ಇಜ್ಬಾ ಪೇಂಟಿಂಗ್ ಎಲ್ಲಿಗೆ ಬಂತು

28 ಮಿಮೀ ಎತ್ತರದ ಪುಟ್ಟ ಸೈನಿಕ ಗೊಂಬೆಗಳನ್ನ ಇಟ್ಟು ಯುದ್ಧದ ಆಟ ಆಡೋ ವ್ಯಾಜ್ಮಾ ಟೇಬಲ್‌ಗೆ ಅಂತ ಮಾಡ್ತಿರೋ ಹಳ್ಳಿಲಿ ಮೊದಲ್ನೇ ಇಜ್ಬಾ ಮುಗೀತು, ಎರಡನೇದು, ಬಹುತೇಕ ಒಣಗಿದ ಬ್ರಶ್ಶಿಂದ ಉಬ್ಬಿದ ಕಡೆ ಮಾತ್ರ ಬಣ್ಣ ಸವರೋ ಡ್ರೈಬ್ರಶ್‌ವರೆಗೂ ಬಂದಿದೆ, ಮೂರನೇದು ಇನ್ನೂ ಶುರುವಿನಲ್ಲೇ ಇದೆ. ಇಜ್ಬಾ ಅಂದ್ರೆ ಇಡೀ ಮರದ ದಿಮ್ಮಿಗಳನ್ನ ಒಂದರ ಮೇಲೊಂದು ಜೋಡಿಸಿ ಕಟ್ಟೋ ರಷ್ಯನ್ ಹಳ್ಳಿ ಮನೆ. 1941ರ ಅಕ್ಟೋಬರ್‌ನಲ್ಲಿ ಜರ್ಮನ್ನರು ಮಾಸ್ಕೋ ಕಡೆ ನುಗ್ಗಿ ವ್ಯಾಜ್ಮಾ ಹತ್ರ ಸೋವಿಯತ್ ಸೈನ್ಯಗಳನ್ನ ಸುತ್ತುಗಟ್ಟಿದ್ರಲ್ಲ, ಆ ಸ್ಮೋಲೆನ್ಸ್ಕ್ ಸೀಮೆಯ ಹಳ್ಳಿ ಇದು. ಜಾಗ ಯಾವ್ದು ಅಂತ ಮೊದಲೇ ಗಟ್ಟಿ ಮಾಡ್ಕೊಳ್ಳೋದು ತುಂಬಾ ಮುಖ್ಯ, ಯಾಕಂದ್ರೆ ಕೆಳಗೆ ಉಕ್ರೇನ್ ಕಡೆ ಹೋದ್ರೆ ಮಣ್ಣು ಮೆತ್ತಿ ಸುಣ್ಣ ಬಳಿದ ಬಿಳಿ ಮನೆಗಳು ಬರ್ತವೆ, ಅವನ್ನ ತಂದು ಈ ಕಾಡು ಸೀಮೆ ಟೇಬಲ್ ತುಂಬ ಇಟ್ರೆ ಊರೇ ಬದಲಾಗಿಬಿಡುತ್ತೆ.

ಸ್ಕೇಲ್ 1/56 ಇಟ್ಕೊಂಡಿದೀನಿ. ಆರು ಮೀಟರ್ ಗೋಡೆ 107 ಮಿಮೀ ಆಗುತ್ತೆ, 24 ಸೆಂಮೀ ದಪ್ಪದ ದಿಮ್ಮಿ 4.3 ಮಿಮೀ. ಹಾಗಾಗಿ 4 ಮಿಮೀ ಗುಂಡು ಕಡ್ಡಿ ಸರಿಹೋಗುತ್ತೆ, ವೈರ್ ಬ್ರಶ್‌ನಿಂದ ಉದ್ದಕ್ಕೆ ಗೀರಿದ್ರೆ ಮರದ ಎಳೆ ಚೆನ್ನಾಗಿ ಕಾಣುತ್ತೆ. ಮೂಲೇಲಿ ದಿಮ್ಮಿಗಳ ತುದಿ ಹೊರಗೆ ಚಾಚಿರ್ಬೇಕು, ಅದು ಈ ಮನೆಯ ಗುರುತು.

ಈಗ ಬಣ್ಣಕ್ಕೆ ಬರ್ತೀನಿ. ಮರದ ಮನೆ ಅಂದ್ರೆ ಕೈ ತಾನಾಗೇ ಬ್ರೌನ್ ಬಾಟಲ್‌ಗೆ ಹೋಗುತ್ತೆ, ಆದ್ರೆ ಬಣ್ಣ ಬಳಿಯದೇ ಇರೋ ಹಳೇ ಇಜ್ಬಾ ಹೆಚ್ಚಾಗಿ ಬೂದು. ಬಿಸಿಲು ಮರದ ಮೇಲ್ಪದರದ ಲಿಗ್ನಿನ್‌ನ ಒಡೆಯುತ್ತೆ, ಮಳೆ ಅದನ್ನ ತೊಳ್ಕೊಂಡ್ ಹೋಗುತ್ತೆ, ಉಳಿಯೋದು ಬೆಳ್ಳಿ ಥರದ ಬೂದು ಮೈ. ಮಳೆ ತಾಗದೇ ಇರೋ ಕಡೆ, ಅಂದ್ರೆ ಸೂರಿನ ಕೆಳಗೆ, ಅದೇ ದಿಮ್ಮಿ ಕಂದು ಬಣ್ಣ ಉಳಿಸ್ಕೊಂಡಿರುತ್ತೆ. ಈ ಒಂದು ವಿಷ್ಯ ಸರಿಯಾಗಿ ತೋರಿಸಿದ್ರೆ ಮಾಡೆಲ್‌ಗೆ ಜೀವ ಬರುತ್ತೆ ಅಂತ ನಾನು ನಂಬಿದೀನಿ, ಬೇರೆ ಎಲ್ಲಾ ಡೀಟೇಲ್ ಇದರ ನಂತ್ರ.

ನಾನು ಮಾಡಿದ್ದು ಹೀಗೆ: ಕಪ್ಪು ಪ್ರೈಮರ್, ಅದರ ಮೇಲೆ ಗೋಡೆಗೆಲ್ಲಾ ಕಡು ಬೂದು, ಮೇಲಿನ ಎರಡು ಮೂರು ದಿಮ್ಮಿಗೆ ಕಡು ಕಂದಿನ ಬರ್ಂಟ್ ಅಂಬರ್‌ಗೆ ಸ್ವಲ್ಪ ಬೂದು ಬೆರೆಸಿ ಹಚ್ಚಿ, ಎರಡೂ ಸೇರೋ ಜಾಗದಲ್ಲಿ ಒದ್ದೆ ಬ್ರಶ್‌ನಿಂದ ಗೆರೆ ಕಾಣದ ಹಾಗೆ ಎಳೆದೆ. ಆಮೇಲೆ ತಿಳಿ ಬೂದು, ಕೊನೇಲಿ ಬೂದು ಬೆರೆಸಿದ ಆಫ್ ವೈಟ್ ಡ್ರೈಬ್ರಶ್, ಅದೂ ದಿಮ್ಮಿ ಉದ್ದಕ್ಕೇ, ಅಡ್ಡಕ್ಕೆ ಉಜ್ಜಿದ್ರೆ ಎಳೆ ಸತ್ತುಹೋಗುತ್ತೆ. ಮೂಲೆಯ ಕೊಯ್ದ ತುದಿಗಳಿಗೆ ಬೇರೆ ಕಡು ಟೋನ್, ಯಾಕಂದ್ರೆ ಅಲ್ಲಿಂದ ಮರ ನೀರು ಜಾಸ್ತಿ ಕುಡಿಯುತ್ತೆ. ದಿಮ್ಮಿ ಸಂದುಗಳಲ್ಲಿ ಚಳಿ ತಡಿಯೋಕೆ ಪಾಚಿ ತುರುಕ್ತಿದ್ರು, ಹಾಗಾಗಿ ಸಂದಿಗೆ ಹರಿಸೋ ನೀರು ನೀರಾದ ಬಣ್ಣ, ಅಂದ್ರೆ ವಾಶ್‌ಗೆ ಸೆಪಿಯಾ ಜೊತೆ ಚೂರು ಆಲಿವ್ ಹಾಕ್ದೆ, ದೂರದಿಂದ ಗೊತ್ತೇ ಆಗಲ್ಲ ಆದ್ರೆ ಹತ್ರ ಬಂದ್ರೆ ಖುಷಿ ಕೊಡುತ್ತೆ.

ಗೋಡೆ ಬುಡದಲ್ಲಿ ಸುತ್ತಲೂ ಹಲಗೆ ಕಟ್ಟಿ ಮಣ್ಣು ತುಂಬಿರೋ ಕಟ್ಟೆ ಇರುತ್ತೆ, ಜಾವಾಲಿಂಕಾ ಅಂತಾರೆ, ಚಳಿಗಾಲಕ್ಕೆ ನೆಲ ಬೆಚ್ಚಗಿರ್ಲಿ ಅಂತ, ಬಿಸಿಲು ದಿನ ಜನ ನಮ್ಮ ಜಗಲಿ ಥರ ಅದ್ರ ಮೇಲೇ ಕೂತ್ಕೋತಿದ್ರು. ಬಹಳ ಕಿಟ್‌ಗಳಲ್ಲಿ ಇದು ಇರಲ್ಲ, ಬಾಲ್ಸಾ ಅನ್ನೋ ಹಗುರ ಮರದ ಪಟ್ಟಿ ಅಂಟಿಸಿ ಮಾಡ್ಕೊಳ್ಳಿ, ಮನೆ ನೆಲಕ್ಕೆ ಬೇರು ಬಿಟ್ಟ ಹಾಗೆ ಕೂರುತ್ತೆ.

ಹುಲ್ಲಿನ ಮಾಡಿಗೆ ಹಳೇ ಟವೆಲ್ ತುಂಡು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಸೂರಿನ ಕಡೆಗೆ ಬಾಚಿ ಒಣಗಿಸಿದ್ದು. ತೆಂಗಿನ ನಾರು ಈ ಸ್ಕೇಲ್‌ಗೆ ತುಂಬಾ ದಪ್ಪ. ಹಳೇ ಹುಲ್ಲೂ ಹಳದಿ ಅಲ್ಲ, ಬೂದು ಕಂದು. ಹೊಸದಾಗಿ ಹುಲ್ಲು ಹೊದಿಸಿದ ಒಂದು ತೇಪೆ ಮಾತ್ರ ತಿಳಿ ಹಳದಿ ಬಿಟ್ಟೆ. ಆಟದಲ್ಲಿ ಸೈನಿಕರನ್ನ ಒಳಗೆ ಇಡ್ಬೇಕಲ್ಲ, ಅದಕ್ಕೆ ಮಾಡು ಎತ್ತಿದ್ರೆ ಬರುತ್ತೆ. ಬೀದಿ ಕಡೆ ಮೂರು ಕಿಟಕಿ, ಕೆತ್ತನೆ ಚೌಕಟ್ಟು, ಒಂದು ಮನೇಗೆ ಮಾತ್ರ ಮಾಸಿದ ನೀಲಿ ಕೊಟ್ಟು, ಬಣ್ಣದ ಕೆಳಗೆ ಉಪ್ಪು ಹಾಕಿ ಆಮೇಲೆ ಉಜ್ಜಿ ತೆಗೆಯೋ ಟೆಕ್ನಿಕ್‌ನಿಂದ ಅಲ್ಲಲ್ಲಿ ಎಬ್ಬಿಸಿದೀನಿ.

ಮೂರನೇದನ್ನ ಸುಟ್ಟ ಮನೆ ಮಾಡ್ತಿದೀನಿ. ಇಜ್ಬಾಗೆ ಬೆಂಕಿ ಬಿದ್ರೆ ಗೋಡೆ, ಮಾಡು ಎಲ್ಲಾ ಹೋಗಿ ಇಟ್ಟಿಗೆಯ ದೊಡ್ಡ ಒಲೆ ಮತ್ತೆ ಚಿಮಣಿ ಮಾತ್ರ ನಿಂತಿರುತ್ತೆ. ಬೆಲಾರುಸ್‌ನ ಖಾತಿನ್ ಹಳ್ಳೀನ 1943ರ ಮಾರ್ಚ್ 22ಕ್ಕೆ ಜನರ ಸಮೇತ ಸುಟ್ರು, 149 ಜನ ಸತ್ರು, ಅಲ್ಲಿನ ಸ್ಮಾರಕದಲ್ಲಿ ಒಂದೊಂದು ಮನೆ ಇದ್ದ ಜಾಗಕ್ಕೂ ಚಿಮಣಿ ಆಕಾರದ ಕಂಬ ನಿಲ್ಸಿ ಗಂಟೆ ಕಟ್ಟಿದಾರೆ. ಇದು ಗೊತ್ತಿರೋದ್ರಿಂದ ಈ ತುಂಡನ್ನ ಬರೀ ಆಟದ ಸೈನಿಕರು ಗುಂಡಿಂದ ಮರೆಯಾಗೋ ಜಾಗ ಅಂತ ನೋಡೋಕೆ ನನಗೆ ಆಗಲ್ಲ, ಒಲೇನ ಒಂದೊಂದೇ ಇಟ್ಟಿಗೆ ಕೊರೆದು ಮಾಡ್ತಿದೀನಿ. ಒಲೆಗೆ ಸುಣ್ಣದ ಬಿಳಿ, ಅದ್ರ ಮೇಲೆ ಹೊಗೆ ಹತ್ತಿದ ಕಡೆ ಕಪ್ಪು ಪಿಗ್ಮೆಂಟ್ ಪುಡಿ. ಸುತ್ತ ಬಿದ್ದಿರೋ ತೊಲೆಗಳಿಗೆ ಕಪ್ಪಿನ ಮೇಲೆ ನೀಲಿ ಛಾಯೆಯ ಬೂದು ಡ್ರೈಬ್ರಶ್, ಸುಟ್ಟ ಮರಕ್ಕೆ ಆ ಹೊಳಪು ಬೇಕೇ ಬೇಕು.

ಮುಂದೆ ಇದರ ಬೇಸ್, ಆಮೇಲೆ ಕೆಸರು ರಸ್ತೆ, ಅಕ್ಟೋಬರ್ ಅಂದ್ಮೇಲೆ ಕೆಸರಿಲ್ದೆ ಆಗಲ್ಲ. ಮ್ಯಾಟ್ ವಾರ್ನಿಶ್ ಹೊಡೆದ್ಮೇಲೆ ಕೆಸರಿಗೆ ಮಾತ್ರ ಹೊಳಪಿನ ವಾರ್ನಿಶ್ ಕೊಡೋ ಪ್ಲಾನ್ ಇದೆ. ಗಾಡಿ ಚಕ್ರದ ಗುರುತು ಒತ್ತೋಕೆ ಯಾರಾದ್ರೂ ಒಳ್ಳೆ ದಾರಿ ಕಂಡ್ಕೊಂಡಿದ್ರೆ ಹೇಳಿ, ಮುಂದಿನ ವಾರ ಅದೇ ಕೆಲಸ.