ಕಾಳಿ ಇಳಿದ ಮೇಲಿನ ಒಂದು ಭಾನುವಾರ

2019ರ ಆಗಸ್ಟ್ ತಿಂಗಳಲ್ಲಿ ಘಟ್ಟದ ಮೇಲೆ ಎಡೆಬಿಡದೆ ಮಳೆ ಸುರಿದು, ಕದ್ರಾ ಅಣೆಕಟ್ಟೆಯ ಗೇಟುಗಳನ್ನು ತೆರೆಯಬೇಕಾಗಿ ಬಂದಾಗ, ಕಾಳಿ ನದಿಯ ಎರಡೂ ದಂಡೆಗಳ ಊರುಗಳಿಗೆ ನೀರು ನುಗ್ಗಿತು. ಕದ್ರಾ, ಮಲ್ಲಾಪುರದ ಕಡೆಯ ಜನ ಉಟ್ಟ ಬಟ್ಟೆಯಲ್ಲೇ ಗಂಜಿ ಕೇಂದ್ರ ಸೇರಿದ್ದರು. ಕರಾವಳಿಯಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧದ ಕಾಲ. ಬಂದರಿನ ದುಡಿಮೆಯನ್ನೇ ನಂಬಿದವರ ಕೈ ಖಾಲಿಯಾಗಿ, ದೋಣಿಗಳು ಮತ್ತೆ ಕಡಲಿಗಿಳಿಯಲು ಸಜ್ಜಾಗುವ ಹೊತ್ತಿಗೇ ಈ ನೆರೆ ಬಂದಿತ್ತು. ನೀರು ಇಳಿದ ಮೇಲಿನ ಭಾನುವಾರ ನಮ್ಮ ಕ್ರೈಸ್ತ ಸಭೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಗ ನಾನು ಸಭೆಯ ಖಜಾಂಚಿಯಾಗಿದ್ದೆ. ಆದ್ದರಿಂದ ಆ ದಿನವನ್ನು ನಾನು ಕಂಡದ್ದು ಬಹುಮಟ್ಟಿಗೆ ಲೆಕ್ಕದ ಪುಸ್ತಕದ ಕಡೆಯಿಂದಲೇ.

ನಮ್ಮದು ಕಾರವಾರದ ಒಂದು ಸಣ್ಣ ಬ್ಯಾಪ್ಟಿಸ್ಟ್ ಸಭೆ; ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡಕ್ಕೆ ಸೇರಿದ್ದು. ಈ ಜಿಲ್ಲೆಯ ಕ್ರೈಸ್ತರಲ್ಲಿ ಹೆಚ್ಚಿನವರು ಕೊಂಕಣಿ ಮನೆಮಾತಿನ ಕ್ಯಾಥೊಲಿಕರು. 1976ರಿಂದ ಅವರಿಗೆ ಕಾರವಾರದಲ್ಲೇ ಬಿಷಪರೂ ಧರ್ಮಪ್ರಾಂತವೂ ಇವೆ. ನಮ್ಮಲ್ಲಿ ಬಿಷಪರಿಲ್ಲ. ಬ್ಯಾಪ್ಟಿಸ್ಟರ ಕ್ರಮದಲ್ಲಿ ಪ್ರತಿಯೊಂದು ಸ್ಥಳೀಯ ಸಭೆಯೂ ಸ್ವತಂತ್ರ. ಪಾಸ್ಟರನ್ನು ಕರೆಯುವುದು, ಹಣ ಖರ್ಚು ಮಾಡುವುದು, ಯಾರಿಗೆ ದೀಕ್ಷಾಸ್ನಾನ (ನೀರಿನಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ವಿಧಿ) ಕೊಡಬೇಕೆಂದು ತೀರ್ಮಾನಿಸುವುದು, ಎಲ್ಲವೂ ಸದಸ್ಯರು ಕೂಡಿ ಕುಳಿತು ನಿರ್ಧರಿಸುವ ಸಂಗತಿಗಳು. ಇದರಿಂದ ಸಿಗುವ ಸ್ವಾತಂತ್ರ್ಯದ ಬಗ್ಗೆ ನಾವು ಹೆಮ್ಮೆಯಿಂದ ಮಾತನಾಡುತ್ತೇವೆ. ಆದರೆ ಮನೆಯೊಳಗೆ ನೀರು ಹೊಕ್ಕ ದಿನ ಅದರ ಇನ್ನೊಂದು ಮುಖ ಕಾಣುತ್ತದೆ. ನಮ್ಮ ಕಷ್ಟವನ್ನು ತಾನಾಗಿ ತಿಳಿದು ಆಜ್ಞೆ ಹೊರಡಿಸುವ ಮೇಲಿನ ಕಚೇರಿ ಯಾವುದೂ ಇಲ್ಲ. ಒಂದು ಸಭೆ ಬಾಯಿಬಿಟ್ಟು ಕೇಳಬೇಕು, ಇನ್ನೊಂದು ಸಭೆ ತಾನಾಗಿ ಕೊಡಬೇಕು, ಕೊಡದಿದ್ದರೆ ಕೇಳುವವರಿಲ್ಲ. ನಮ್ಮ ಪಾಸ್ಟರ್ ಬೆಂಗಳೂರಿನ ಒಂದು ಸಭೆಗೆ ಪತ್ರ ಬರೆದರು. ನಮ್ಮ ಕೆಲವು ಹುಡುಗರು ಅಲ್ಲಿ ಕೆಲಸಕ್ಕಿದ್ದು ಆ ಸಭೆಗೆ ಹೋಗುತ್ತಿದ್ದರು ಎಂಬುದರ ಹೊರತು ಎರಡು ಸಭೆಗಳ ನಡುವೆ ಅಲ್ಲಿಯವರೆಗೆ ಹೇಳಿಕೊಳ್ಳುವಂಥ ನಂಟೇನೂ ಇರಲಿಲ್ಲ.

ಬೆಂಗಳೂರಿನ ಸಭೆಯವರು ಲಾರಿ ತುಂಬ ಸಾಮಾನು ಹೇರಿಕೊಂಡು, ರಾತ್ರಿಯೆಲ್ಲ ಪ್ರಯಾಣ ಮಾಡಿ, ಅರಬೈಲ್ ಘಟ್ಟ ಇಳಿದು ಭಾನುವಾರ ಬೆಳಿಗ್ಗೆ ಬಂದರು. ಅಕ್ಕಿ, ತೊಗರಿಬೇಳೆ, ಎಣ್ಣೆ, ಚಾಪೆ, ಹೊದಿಕೆ, ಬಕೆಟ್ಟು, ಬ್ಲೀಚಿಂಗ್ ಪೌಡರ್ ಎಲ್ಲವೂ ಇದ್ದವು. ಅಕ್ಕಿ ಮಾತ್ರ ಸೋನಾ ಮಸೂರಿ; ಕುಚ್ಚಲಕ್ಕಿಯ ಗಂಜಿಗೆ ಒಗ್ಗಿದ ನಮ್ಮ ಹಿರಿಯರು ಅದನ್ನು ಮುಟ್ಟಿ ನೋಡಿ ಸೌಜನ್ಯದಿಂದ ಸುಮ್ಮನಾದರು. ಪಾತ್ರೆಪಗಡಕ್ಕಿಂತ ಹೆಚ್ಚಾಗಿ ಆಗ ಬೇಕಾಗಿದ್ದುದು ನೆನೆದುಹೋದ ವಿದ್ಯುತ್ ವೈರಿಂಗನ್ನು ಬದಲಿಸುವ ಹಣ ಮತ್ತು ಮಕ್ಕಳ ಶಾಲೆಯ ಪುಸ್ತಕಗಳು. ಇದನ್ನು ಮೊದಲೇ ಕೇಳಿದ್ದರೆ ನಾವು ಹೇಳುತ್ತಿದ್ದೆವು. ಕೊಡುವವರು ಹೊರಡುವ ಮೊದಲು ಒಂದು ಫೋನ್ ಮಾಡಿ ಕೇಳುವುದು ಔದಾರ್ಯದ ಭಾಗವೇ ಹೌದೆಂದು ನಾನು ಅಂದಿನಿಂದ ಯಾರ ಮುಂದಾದರೂ ವಾದಿಸುತ್ತೇನೆ.

ಆರಾಧನೆಯಲ್ಲಿ ಓದಿದ ಭಾಗ, ಇಂಥ ಸಂದರ್ಭಗಳಲ್ಲಿ ಎಲ್ಲರೂ ಓದುವ, ಬೈಬಲಿನಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅಪೊಸ್ತಲ ಪೌಲನು ದೂರದೂರದ ಸಭೆಗಳಿಂದ ಹಣ ಕೂಡಿಸುತ್ತಿದ್ದ ಕಾಲದ ಪತ್ರವದು. ಬೆಂಗಳೂರಿನಿಂದ ಬಂದ ಹಿರಿಯರೊಬ್ಬರು ಸಂದೇಶ ಕೊಟ್ಟರು. ಉಳ್ಳವರು ಇಲ್ಲದವರಿಗೆ ಕೊಡಬೇಕೆಂಬ ಮಾತನ್ನು ಚೆನ್ನಾಗಿಯೇ ವಿವರಿಸಿದರು. ಆಮೇಲೆ, ಸಭೆಯವರೆಲ್ಲ ಕಷ್ಟದಲ್ಲಿರುವುದರಿಂದ ಈ ವಾರ ಕಾಣಿಕೆ ಎತ್ತುವುದು ಬೇಡ ಎಂದು ಅವರು ಸೂಚಿಸಿದರು. ಅದು ಒಳ್ಳೆಯ ಮನಸ್ಸಿನಿಂದ ಬಂದ ಮಾತು, ಅದರಲ್ಲಿ ಸಂದೇಹವಿಲ್ಲ. ಆದರೆ ಹೆಂಗಸರ ಸಾಲಿನಿಂದ, ಪೇಟೆಯಲ್ಲಿ ಮೀನು ಮಾರುವ ನಮ್ಮ ಸಭೆಯ ಅಕ್ಕನೊಬ್ಬರು ಎದ್ದು ನಿಂತರು. “ಪಾಸ್ಟ್ರೇ, ನೀರು ಬಂದದ್ದು ಮನೆಯೊಳಗೆ. ನನ್ನ ಕೈಯೇನೂ ತೇಲಿ ಹೋಗಿಲ್ಲ. ಕಾಣಿಕೆ ಚೀಲ ಯಾಕೆ ಬೇಡ?” ಎಂದು ಕೇಳಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ಪಾಸ್ಟರ್ ನನ್ನ ಕಡೆ ನೋಡಿದರು, ನಾನು ಒಳಗೆ ಹೋಗಿ ಕಪಾಟಿನಿಂದ ಚೀಲ ತಂದೆ.

ಆ ಅಕ್ಕನ ಮಾತು ಅದೇ ಅಧ್ಯಾಯದ ಮೊದಲ ವಚನಗಳಲ್ಲೇ ಇದೆ ಎಂಬುದು ಚೀಲ ಸಾಲಿನಿಂದ ಸಾಲಿಗೆ ಹೋಗುತ್ತಿದ್ದಾಗ ನನಗೆ ಹೊಳೆಯಿತು. ಪೌಲನು ಕೊರಿಂಥದವರ ಮುಂದೆ ಮಾದರಿಯಾಗಿ ಇಡುವುದು ಮಕೆದೋನ್ಯದ ಸಭೆಗಳನ್ನು. ಅವರು ಕಡುಬಡವರು, ಹಿಂಸೆಗೆ ಸಿಕ್ಕಿದವರು, ಆದರೂ ಯೆರೂಸಲೇಮಿನವರಿಗೆ ನೆರವಾಗುವ ಈ ಕಾರ್ಯದಲ್ಲಿ ತಮಗೂ ಪಾಲು ಕೊಡಬೇಕೆಂದು ಬೇಡಿಕೊಂಡವರು. ಕೊಡಲು ಅನುಮತಿ ಬೇಡಿದವರು ಬಡವರೇ. ಕಷ್ಟದಲ್ಲಿರುವವನಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬ ನಮ್ಮ ಸಭ್ಯತೆಯು ಅವನನ್ನು ಬರೀ ಪಡೆಯುವವನ ಜಾಗದಲ್ಲಿ ಕೂರಿಸಿಬಿಡುತ್ತದೆ. ಅಲ್ಲಿಂದ ಏಳುವುದು ಆಮೇಲೆ ಸುಲಭವಲ್ಲ. ಸಭೆಗಳ ಸಹಭಾಗಿತ್ವವೆಂದು ನಾವು ಕರೆಯುವ ಸಂಬಂಧದಲ್ಲಿ ಒಂದು ಕಡೆಯವರಿಗೆ ಮಾತ್ರ ಕೊಡುವ ಹಕ್ಕಿದ್ದರೆ ಅದನ್ನು ದಾನವೆನ್ನಬಹುದು, ಪಾಲುಗಾರಿಕೆ ಎನ್ನಲು ಬರುವುದಿಲ್ಲ.

ಆರಾಧನೆ ಮುಗಿದ ಮೇಲೆ ಸದಸ್ಯರ ಕೂಟ ನಡೆಯಿತು. ಸಾಮಾನು ಯಾರಿಗೆ ಹಂಚಬೇಕು ಎಂಬುದೇ ಮೊದಲ ಪ್ರಶ್ನೆ. ಮೊದಲು ನಮ್ಮವರಿಗೆ, ಉಳಿದರೆ ಬೇರೆಯವರಿಗೆ ಎಂದು ಕೆಲವರು ಹೇಳಿದರು. ಇಡೀ ಕೇರಿಗೆ ನೀರು ಬಂದಿರುವಾಗ ಮನೆ ಆರಿಸಿ ಕೊಡುವುದು ಹೇಗೆ ಎಂದು ಇನ್ನು ಕೆಲವರು ಕೇಳಿದರು. ನಮ್ಮಲ್ಲಿ ಕೈಗಾದ ಕಟ್ಟಡ ಕೆಲಸಕ್ಕೆಂದು ಬಂದು ಇಲ್ಲಿಯೇ ನೆಲೆಸಿದ ತೆಲುಗು ಕುಟುಂಬಗಳಿವೆ. ಅವುಗಳಲ್ಲಿ ಒಂದರ ಹಿರಿಯರು ಆಗ ಆಂಧ್ರದ ಒಂಗೋಲಿನ ಕಥೆಯನ್ನು ಹೇಳಿದರು. 1876ರಿಂದ 78ರವರೆಗಿನ ದೊಡ್ಡ ಬರಗಾಲದಲ್ಲಿ ಅಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಎಂಬುವರು ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ತೋಡುವ ಗುತ್ತಿಗೆಯನ್ನು ತಾವೇ ಹಿಡಿದು, ಹಸಿದವರಿಗೆ ಕೂಲಿ ಕೆಲಸ ಕೊಟ್ಟರು. ದೀಕ್ಷಾಸ್ನಾನ ಕೇಳಿಕೊಂಡು ಬಂದವರನ್ನು ಬರ ಮುಗಿಯುವವರೆಗೆ ಅವರು ಸೇರಿಸಿಕೊಳ್ಳಲಿಲ್ಲ. ಅನ್ನಕ್ಕಾಗಿ ಬಂದವರೆಂಬ ಮಾತು ಆ ಜನರ ಮೇಲೆಯೂ ಸಭೆಯ ಮೇಲೆಯೂ ಬರಬಾರದೆಂಬುದು ಅವರ ನಿಲುವಾಗಿತ್ತು. ಪರಿಹಾರದ ಕೆಲಸ ನಿಂತ ಮೇಲೆ, 1878ರ ಜುಲೈ 3ರಂದು, ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನವಾಯಿತು. ಎಲ್ಲರೂ ನೆನಪಿಟ್ಟುಕೊಳ್ಳುವುದು ಆ ಸಂಖ್ಯೆಯನ್ನು. ನಮ್ಮ ಹಿರಿಯರು ಒತ್ತಿ ಹೇಳಿದ್ದು ಅದರ ಹಿಂದಿನ ಕಾಯುವಿಕೆಯನ್ನು. ಅಲ್ಲಿಗೆ ಚರ್ಚೆ ಮುಗಿಯಿತು. ಅಂಗನವಾಡಿ ಕಾರ್ಯಕರ್ತೆ ಕೊಟ್ಟ ಪಟ್ಟಿಯಂತೆ ನೀರು ಹೊಕ್ಕ ಎಲ್ಲ ಮನೆಗಳಿಗೂ ಹಂಚುವುದು, ಸಾಮಾನಿನ ಚೀಲದೊಳಗೆ ಧರ್ಮಪ್ರಚಾರದ ಕರಪತ್ರ ಇಡಬಾರದು, ಹಂಚುವಾಗ ಯಾರನ್ನೂ ಸಭೆಗೆ ಕರೆಯಬಾರದು ಎಂದು ನಾನು ನಡಾವಳಿ ಪುಸ್ತಕದಲ್ಲಿ ಬರೆದೆ. ನಮ್ಮ ನಂಬಿಕೆಯ ಸಾಕ್ಷಿ ಹೇಳುವುದಕ್ಕೆ ವರ್ಷವಿಡೀ ಇದೆ. ಹಸಿದವನ ಎದುರು ನಿಂತು ಹೇಳುವುದು ನ್ಯಾಯವಲ್ಲ.

ಎರಡನೆಯ ಪ್ರಶ್ನೆ, ಆ ದಿನ ಎತ್ತಿದ ಕಾಣಿಕೆಯನ್ನು ಏನು ಮಾಡಬೇಕು ಎಂಬುದು. ಮೊತ್ತ ಸಣ್ಣದು. ಗಂಗಾವಳಿ ನದಿ ಉಕ್ಕಿ ಅಂಕೋಲೆಯ ಕಡೆ ಮನೆ ಕಳೆದುಕೊಂಡವರಿಗೆ ಅದನ್ನು ಕಳಿಸುವುದೆಂದು ಕೂಟ ತೀರ್ಮಾನಿಸಿತು. ಬೆಂಗಳೂರಿನವರು ಆ ಮೊತ್ತಕ್ಕೆ ತಮ್ಮ ಹಣವನ್ನೂ ಸೇರಿಸಲು ಮುಂದಾದರು. ಬೇಡ, ಇದು ನಮ್ಮದೇ ಇರಲಿ ಎಂದು ಪಾಸ್ಟರ್ ಹೇಳಿದಾಗ ಅವರ ಮುಖದಲ್ಲಿ ಮೊದಲು ಸ್ವಲ್ಪ ಗಲಿಬಿಲಿ ಕಂಡಿತು, ಅನಂತರ ಅರ್ಥವಾಯಿತು.

ಮೂರನೆಯದು ಲೆಕ್ಕ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಸಭೆಗಳ ನಡುವಿನ ಪ್ರೀತಿ ಮುರಿದುಬೀಳುವುದು ಸಾಮಾನ್ಯವಾಗಿ ಲೆಕ್ಕದ ಜಾಗದಲ್ಲೇ. ನಂಬಿಕೆಯ ಜನರ ನಡುವೆ ರಶೀದಿ ಕೇಳುವುದು ಅವಮಾನವೆಂದು ತಿಳಿಯುವವರು ನಮ್ಮಲ್ಲಿ ಬಹಳ. ಪೌಲನಿಗೆ ಹಾಗೆ ಅನ್ನಿಸಿರಲಿಲ್ಲ. ಆ ದೊಡ್ಡ ಮೊತ್ತವನ್ನು ಒಯ್ಯಲು ಅವನು ತನ್ನ ಜೊತೆಗಾರ ತೀತನ ಜೊತೆಗೆ, ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸುತ್ತಾನೆ. ಈ ಹಣದ ವಿಷಯದಲ್ಲಿ ತಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರದೆಂದೂ, ಕರ್ತನ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಸರಿಯಾಗಿ ನಡೆಯಬೇಕೆಂದೂ ಅದೇ ಅಧ್ಯಾಯದಲ್ಲಿ ಬರೆಯುತ್ತಾನೆ. ಲೆಕ್ಕ ಮತ್ತು ಹತೋಟಿಯ ಜಾಗದಲ್ಲಿ ಪ್ರೀತಿ ಮುರಿದುಬಿದ್ದುದಕ್ಕೆ ನಮ್ಮ ಬ್ಯಾಪ್ಟಿಸ್ಟ್ ಚರಿತ್ರೆಯಲ್ಲಿಯೂ ದೊಡ್ಡ ಉದಾಹರಣೆಯಿದೆ. 1792ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನಲ್ಲಿ ಕೆಲವು ಸಭೆಗಳ ಪಾಲಕರು ಕೂಡಿ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿಯನ್ನು ಆರಂಭಿಸಿದಾಗ ಅವರು ಕೊಡುತ್ತೇವೆಂದು ಬರೆದುಕೊಟ್ಟದ್ದು 13 ಪೌಂಡ್, 2 ಶಿಲಿಂಗ್, 6 ಪೆನ್ಸ್. ಮರುವರ್ಷ ಆ ಸೊಸೈಟಿಯ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದರು; 1800ರಲ್ಲಿ ಕೋಲ್ಕತ್ತದ ಹತ್ತಿರದ ಶ್ರೀರಾಮಪುರದಲ್ಲಿ (ಸೆರಾಂಪುರ್) ಮಿಷನರಿಗಳಾದ ಮಾರ್ಷ್‌ಮನ್ ಮತ್ತು ವಾರ್ಡ್ ಅವರ ಜೊತೆಗೂಡಿದರು. ಅವರು ಇಂಗ್ಲೆಂಡಿನ ಹಣವನ್ನು ಕಾಯುತ್ತ ಕೂರಲಿಲ್ಲ. ಕೇರಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿ ಪಡೆದ ಸಂಬಳ, ಮಾರ್ಷ್‌ಮನ್ ದಂಪತಿಗಳ ಶಾಲೆಗಳ ಆದಾಯ, ವಾರ್ಡರ ಮುದ್ರಣಾಲಯದ ಗಳಿಕೆ, ಇವೆಲ್ಲವನ್ನೂ ಒಂದೇ ಗಂಟಿಗೆ ಹಾಕಿ ಕೆಲಸಕ್ಕೆ ಬಳಸಿದರು.

1812ರ ಮಾರ್ಚ್ 11ರಂದು ಆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕನ್ನಡಿಗರಾದ ನಮಗೆ ಆ ಬೆಂಕಿಯಲ್ಲಿ ಒಂದು ಸ್ವಂತ ನಷ್ಟವಿದೆ: ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಇತ್ತು. ಸುದ್ದಿ ಬ್ರಿಟನ್ನಿಗೆ ಮುಟ್ಟಿದ ಮೇಲೆ ಸುಮಾರು ಎರಡು ತಿಂಗಳೊಳಗೆ ಅಲ್ಲಿನ ಸಭೆಗಳು ನಷ್ಟ ತುಂಬುವಷ್ಟು ಹಣ, ಸುಮಾರು ಹತ್ತು ಸಾವಿರ ಪೌಂಡ್, ಕೂಡಿಸಿ ಕೊಟ್ಟವು, ಬ್ಯಾಪ್ಟಿಸ್ಟರಲ್ಲದವರೂ ಕೊಟ್ಟರು. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಅದೇ ಶ್ರೀರಾಮಪುರದಿಂದ ಹೊರಬಂತು. ಇಷ್ಟು ಉದಾರವಾದ ಸಂಬಂಧವೂ ಉಳಿಯಲಿಲ್ಲ ಎಂಬುದನ್ನು ಪ್ರಸಂಗಗಳಲ್ಲಿ ಯಾರೂ ಹೇಳುವುದಿಲ್ಲ. ಸೊಸೈಟಿಯ ಮೊದಲ ಕಾರ್ಯದರ್ಶಿ ಆಂಡ್ರೂ ಫುಲ್ಲರ್ 1815ರಲ್ಲಿ ತೀರಿಕೊಂಡ ಮೇಲೆ, ಶ್ರೀರಾಮಪುರದ ಆಸ್ತಿ ಯಾರದು, ಅದರ ಮೇಲೆ ಹತೋಟಿ ಯಾರದು ಎಂಬ ಜಗಳ ಬೆಳೆದು, 1827ರಲ್ಲಿ ಎರಡೂ ಕಡೆಯವರು ಬೇರೆಯಾದರು. ಬೆಂಕಿ ಮುರಿಯದ ಸಂಬಂಧವನ್ನು ಹತೋಟಿಯ ಪ್ರಶ್ನೆ ಮುರಿಯಿತು. ಈ ಸಂಗತಿಯನ್ನು ನಾನು ಕೂಟದಲ್ಲಿ ಹೇಳಿ, ಎರಡು ಸಹಿಗಳಿಲ್ಲದೆ ಹಣ ತೆಗೆಯಬಾರದು, ಪ್ರತಿ ಖರ್ಚಿಗೂ ವೋಚರ್ ಇರಬೇಕು, ಲೆಕ್ಕದ ಪ್ರತಿಯನ್ನು ಬೆಂಗಳೂರಿಗೂ ಕಳಿಸಬೇಕು ಎಂದೆ. ಎಲ್ಲರೂ ಒಪ್ಪಿದರು. ಬೆಂಗಳೂರಿನ ಹಿರಿಯರು ತಮ್ಮ ಸಭೆಯ ವಾರ್ಷಿಕ ಲೆಕ್ಕವನ್ನೂ ನಮಗೆ ಕಳಿಸುವುದಾಗಿ ತಾವಾಗಿಯೇ ಹೇಳಿದರು; ಅದನ್ನು ನಾವು ಕೇಳಿರಲಿಲ್ಲ, ಕೇಳುವ ಧೈರ್ಯವೂ ನಮಗಿರಲಿಲ್ಲ.

ಹೊರದೇಶದ ಯಾವುದಾದರೂ ಸಭೆಯ ನೆರವು ಕೇಳಬಹುದಲ್ಲ ಎಂದು ಯುವಕರೊಬ್ಬರು ಕೇಳಿದ್ದರು. ವಿದೇಶಿ ದೇಣಿಗೆಯನ್ನು ಪಡೆಯಲು 2010ರ ಕಾಯ್ದೆಯಂತೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಬಾಡಿಗೆ ಸಭಾಂಗಣದಲ್ಲಿ ಕೂಡುವ ನಮ್ಮಂಥ ಸಭೆಗೆ ಅದು ಎಟುಕುವ ಮಾತಲ್ಲ. 2020ರ ತಿದ್ದುಪಡಿಯ ನಂತರವಂತೂ, ನೋಂದಣಿಯಿರುವ ದೊಡ್ಡ ಸಂಸ್ಥೆಯೊಂದು ತಾನು ಪಡೆದ ಹೊರದೇಶದ ಹಣವನ್ನು ಮತ್ತೊಂದು ಸಂಸ್ಥೆಗೆ ದಾಟಿಸುವ ದಾರಿಯೂ ಮುಚ್ಚಿತು. ಇದನ್ನು ಕೊರತೆಯೆಂದು ಮಾತ್ರ ನೋಡಬೇಕಾಗಿಲ್ಲ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಮತ್ತು ಬ್ಯಾಪ್ಟಿಸ್ಟ್ ಮನೆಗಳಲ್ಲಿ ಪ್ರತಿ ಅಡುಗೆಗೂ ಮೊದಲು ಒಂದು ಹಿಡಿ ಅಕ್ಕಿಯನ್ನು ತೆಗೆದಿಡುವ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದಿಂದ ನಡೆದುಬಂದಿದೆ. ಆ ಹಿಡಿ ಹಿಡಿ ಅಕ್ಕಿಯನ್ನು ಮಾರಿ ಬಂದ ಹಣದಿಂದ ಅವರು ಸಭೆಯ ಸೇವಾಕಾರ್ಯವನ್ನು ನಡೆಸುತ್ತಾರೆ. ನಮ್ಮ ಹೆಂಗಸರು ಅದನ್ನು ಕೇಳಿ, ಆ ವರ್ಷದ ಕೊನೆಯಿಂದ ಕುಚ್ಚಲಕ್ಕಿಯಲ್ಲೇ ಹಾಗೆ ತೆಗೆದಿಡಲು ತೊಡಗಿದರು. ಕೆಲವು ಮನೆಗಳಲ್ಲಿ ಅದು ಬೇಗನೆ ನಿಂತುಹೋಯಿತು, ಕೆಲವು ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆ.

ಅಂದು ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಎರಡೂ ಸಭೆಯವರು ಕೂಡಿ ಸಾಮಾನು ಹಂಚಿದರು. ಹಂಚುವಾಗ ಎದ್ದ ಒಂದೇ ತಕರಾರು ಫೋಟೋಗಳದ್ದು. ಬೆಂಗಳೂರಿನ ಯುವಕರು, ಚೀಲ ತೆಗೆದುಕೊಳ್ಳುತ್ತಿರುವವರ ಚಿತ್ರ ತೆಗೆದು ತಮ್ಮ ಸಭೆಯಲ್ಲಿ ಹಣ ಕೊಟ್ಟವರಿಗೆ ತೋರಿಸಬೇಕೆಂದಿದ್ದರು. ನಮ್ಮ ಪಾಸ್ಟರ್ ಸಾಮಾನಿನ ರಾಶಿಯ ಚಿತ್ರವನ್ನು ಎಷ್ಟು ಬೇಕಾದರೂ ತೆಗೆಯಿರಿ, ಕೈಚಾಚಿದವರ ಮುಖದ್ದು ಬೇಡ ಎಂದರು. ಮುಂದಿನ ವರ್ಷ ಎರಡು ಸಭೆಗಳೂ ಕೂಡಿ ಬರೆದುಕೊಂಡ ಒಪ್ಪಂದದಲ್ಲಿ, ಯಾರ ಸಂಕಟವನ್ನು ಯಾರು ಯಾರಿಗೆ ತಿಳಿಸಬೇಕು, ಹೊರಡುವ ಮೊದಲು ಏನು ಬೇಕೆಂದು ಹೇಗೆ ಕೇಳಬೇಕು, ಲೆಕ್ಕವನ್ನು ಯಾವ ತಿಂಗಳಲ್ಲಿ ಒಬ್ಬರಿಗೊಬ್ಬರು ಕಳಿಸಬೇಕು ಎಂಬ ಎಲ್ಲ ಅಂಶಗಳೂ ಸೇರಿವೆ. ಫೋಟೋದ ವಿಷಯದಲ್ಲಿ ಮಾತ್ರ ಒಮ್ಮತ ಬಂದಿಲ್ಲ. ಕೊಟ್ಟವರಿಗೆ ತಮ್ಮ ಹಣ ಎಲ್ಲಿಗೆ ಮುಟ್ಟಿತೆಂದು ನೋಡುವ ಹಕ್ಕಿದೆ ಎಂದು ಅವರು ಹೇಳುತ್ತಾರೆ. ಅದಕ್ಕೆ ವೋಚರ್ ಸಾಕು ಎಂದು ನಾವು ಹೇಳುತ್ತೇವೆ. ಆ ಕಲಮನ್ನು ಖಾಲಿ ಬಿಟ್ಟು ಎರಡೂ ಕಡೆಯವರು ಸಹಿ ಹಾಕಿದ್ದೇವೆ.