ಫಿಲ್ಮಿನ ಲಾಭಕ್ಕೆ ಕಟ್ಟುಬಿದ್ದ ಕೊಡಾಕ್

ಡಿಜಿಟಲ್ ಯುಗ ಬರುವುದನ್ನು ಕಾಣದೆ, ಫೋಟೋ ಫಿಲ್ಮಿಗೆ ಹೆಸರಾದ ಕೊಡಾಕ್ ಕಂಪನಿ ಮುಳುಗಿತು ಎಂಬ ಮಾತನ್ನು ನಾನೂ ಬಹುಕಾಲ ನಂಬಿದ್ದೆ. ವಾಸ್ತವದಲ್ಲಿ, ಕೈಯಲ್ಲಿ ಎತ್ತಿಕೊಂಡು ಓಡಾಡಬಹುದಾದ ಮೊದಲ ಡಿಜಿಟಲ್ ಕ್ಯಾಮೆರಾ ರೂಪುಗೊಂಡದ್ದೇ ಅಮೆರಿಕದ ರೋಚೆಸ್ಟರ್‌ನಲ್ಲಿದ್ದ ಅದರ ಪ್ರಯೋಗಾಲಯದಲ್ಲಿ. 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಜೋಡಿಸಿದ ಆ ಯಂತ್ರ ಸುಮಾರು 3.6 ಕಿಲೋ ತೂಗುತ್ತಿತ್ತು. ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. (ಈಗಿನ ನಮ್ಮ ತಾಳ್ಮೆಗೆ ಅದೊಂದು ಯುಗವೇ ಸರಿ.)

ತೊಡಕಿದ್ದದ್ದು ವ್ಯಾಪಾರದ ತಳಹದಿಯಲ್ಲಿ. ಕಂಪನಿಯ ಸ್ಥಾಪಕ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ನೂರು ಚಿತ್ರಗಳಿಗಾಗುವ ಫಿಲ್ಮ್ ತುಂಬಿದ ಕ್ಯಾಮೆರಾವನ್ನು ಮಾರಿ, ಗ್ರಾಹಕರು ಅದನ್ನು ಹಿಂದಿರುಗಿಸಿದಾಗ ಫಿಲ್ಮ್ ತೊಳೆದು, ಚಿತ್ರ ಮುದ್ರಿಸಿ, ಹೊಸ ಸುರುಳಿ ತುಂಬಿ ಕಳುಹಿಸುವ ಏರ್ಪಾಡು ಮಾಡಿದ್ದರು. ಅಂದಿನಿಂದಲೂ ನಿಜವಾದ ಗಳಿಕೆ ಬರುತ್ತಿದ್ದುದು ಮತ್ತೆ ಮತ್ತೆ ಕೊಳ್ಳಲೇಬೇಕಾದ ಫಿಲ್ಮ್, ಕಾಗದ ಮತ್ತು ರಾಸಾಯನಿಕಗಳಿಂದ. ಅವು ಯಾವುದೂ ಬೇಡವೆನ್ನುವ ತಂತ್ರಜ್ಞಾನವನ್ನು ತಾನೇ ಮುಂದಿಟ್ಟು ಮಾರುವುದೆಂದರೆ ತನ್ನ ಬುಡಕ್ಕೆ ತಾನೇ ಕೊಡಲಿ ಹಾಕಿಕೊಂಡಂತೆ.

ಅದೇ ಸಂಕಟದಲ್ಲಿದ್ದ ಜಪಾನಿನ ಫ್ಯೂಜಿಫಿಲ್ಮ್, ಫಿಲ್ಮ್ ತಯಾರಿಕೆಯಲ್ಲಿ ಕಲಿತ ರಸಾಯನಶಾಸ್ತ್ರವನ್ನು ಸೌಂದರ್ಯವರ್ಧಕಗಳಿಗೂ ಔಷಧಗಳಿಗೂ ಬಳಸಿಕೊಂಡು ಉಳಿಯಿತು. ಕೊಡಾಕ್ ಮಾತ್ರ 1994ರಲ್ಲೇ ತನ್ನ ರಾಸಾಯನಿಕ ವಿಭಾಗವನ್ನು ಪ್ರತ್ಯೇಕ ಕಂಪನಿಯಾಗಿಸಿ ಬಿಟ್ಟುಕೊಟ್ಟಿತ್ತು. ನನಗೆ ಅತ್ಯಂತ ದುಬಾರಿಯಾಗಿ ಕಾಣುವ ತೀರ್ಮಾನ ಅದೇ.

1935ರಲ್ಲಿ ಬಂದ ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. 2012ರ ಜನವರಿಯಲ್ಲಿ ಕಂಪನಿ ಸಾಲ ಕೊಟ್ಟವರಿಂದ ನ್ಯಾಯಾಲಯದ ದಿವಾಳಿ ರಕ್ಷಣೆ ಕೋರಿತು; ಮರುವರ್ಷ ಅದರಿಂದ ಹೊರಬಂದಾಗ ಮುಖ್ಯವಾಗಿ ವಾಣಿಜ್ಯ ಮುದ್ರಣವನ್ನು ನೆಚ್ಚಿಕೊಂಡ ಸಣ್ಣ ಸಂಸ್ಥೆಯಾಗಿತ್ತು.