ಬಗ್ ಕೀಯ ಲಘು–ಗುರು

ಭಾರತದ ಅನೇಕ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಕಾಲ್ ಸೈನ್‌ನಂತೆ (ನಿಲ್ದಾಣದ ಗುರುತಿನ ಸಂಕೇತ) ನನ್ನದೂ ವಿಯು2 ಎಂದೇ ಆರಂಭವಾಗುತ್ತದೆ. ಗಿಡ್ಡ ಸದ್ದಿನ ಡಾಟ್, ಉದ್ದ ಸದ್ದಿನ ಡ್ಯಾಶ್‌ಗಳ ಸಂಕೇತವಾದ ಮೋರ್ಸ್‌ನಲ್ಲಿ ವಿ ಎಂದರೆ ಮೂರು ಡಾಟ್, ಒಂದು ಡ್ಯಾಶ್. ಯು ಎಂದರೆ ಎರಡು ಡಾಟ್, ಒಂದು ಡ್ಯಾಶ್. ಅಂಕಿ 2 ಎಂದರೆ ಎರಡು ಡಾಟ್, ಮೂರು ಡ್ಯಾಶ್. ಎಂಟು ವರ್ಷ ಸ್ಟ್ರೇಟ್ ಕೀಯಲ್ಲಿ, ಅಂದರೆ ಮೇಲೆ ಕೆಳಗೆ ಬಡಿಯುವ ಸಾದಾ ಮೋರ್ಸ್ ಕೀಯಲ್ಲಿ, ಈ ಮೂರನ್ನು ಯೋಚಿಸದೆಯೇ ಬಡಿಯುತ್ತಿದ್ದ ನಾನು, ಬಗ್ ಕೀಯನ್ನು ಎದುರಿಗಿಟ್ಟುಕೊಂಡು 20 ಮೀಟರ್ ಬ್ಯಾಂಡಿನಲ್ಲಿ ಮೊದಲ ಸಲ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆದ ಸಂಜೆ, ಯುರೋಪಿನಿಂದ ಉತ್ತರಿಸಿದವರು ನನ್ನನ್ನು 4ವಿ2 ಎಂದು ಕರೆದರು. ತಪ್ಪು ಅವರ ಕಿವಿಯದಲ್ಲ. ಮೊದಲ ಎರಡು ಅಕ್ಷರಗಳಲ್ಲಿ ನನ್ನ ಹೆಬ್ಬೆರಳು ಒಂದು ಡಾಟಿನಷ್ಟು ತಡವಾಗಿ ಹಿಂದೆ ಸರಿದಿತ್ತು. ವಿಗೆ ಒಂದು ಡಾಟ್ ಹೆಚ್ಚಾದರೆ ಅದು 4 ಆಗುತ್ತದೆ. ಯುಗೆ ಹೆಚ್ಚಾದರೆ ಅದು ವಿ ಆಗುತ್ತದೆ.

ಬಗ್ ಎನ್ನುವುದು ಅರೆ-ಸ್ವಯಂಚಾಲಿತ ಕೀ. ಸ್ಟ್ರೇಟ್ ಕೀಯಲ್ಲಿ ಪ್ರತಿಯೊಂದು ಡಾಟನ್ನೂ ಪ್ರತಿಯೊಂದು ಡ್ಯಾಶನ್ನೂ ಮಣಿಕಟ್ಟೇ ಬಡಿಯಬೇಕು. ಪ್ಯಾಡಲ್ ಮತ್ತು ಎಲೆಕ್ಟ್ರಾನಿಕ್ ಕೀಯರ್‌ನಲ್ಲಿ ಎರಡರ ಅಳತೆಯನ್ನೂ ಸರ್ಕ್ಯೂಟೇ ನೋಡಿಕೊಳ್ಳುತ್ತದೆ. ಬಗ್ ಇವೆರಡರ ನಡುವೆ ನಿಂತಿದೆ. ಹೆಬ್ಬೆರಳಿನಿಂದ ಬಲಕ್ಕೆ ತಳ್ಳಿದರೆ ಚಪ್ಪಟೆ ಸ್ಪ್ರಿಂಗ್‌ಗೆ ಜೋಡಿಸಿದ ಅಡ್ಡ ಲೋಲಕವೊಂದು ಕಂಪಿಸತೊಡಗಿ, ನೀವು ಬಿಡುವವರೆಗೂ ಡಾಟ್‌ಗಳ ಸರಣಿಯನ್ನು ತಾನೇ ಹೊರಡಿಸುತ್ತದೆ. ತೋರುಬೆರಳಿನಿಂದ ಎಡಕ್ಕೆ ಒತ್ತಿದರೆ ಒಂದು ಡ್ಯಾಶ್ ಮಾತ್ರ, ಅದೂ ನೀವು ಒತ್ತಿ ಹಿಡಿದಷ್ಟೇ ಉದ್ದ. ನಮ್ಮ ಛಂದಸ್ಸಿನ ಮಾತಿನಲ್ಲಿ ಹೇಳುವುದಾದರೆ ಲಘು ಯಂತ್ರದ್ದು, ಗುರು ಕೈಯದ್ದು. ಛಂದಸ್ಸಿನಲ್ಲಿ ಗುರುವಿಗೆ ಎರಡು ಮಾತ್ರೆಯಾದರೆ ಮೋರ್ಸ್‌ನಲ್ಲಿ ಡ್ಯಾಶ್‌ಗೆ ಮೂರು, ಅಷ್ಟೇ ವ್ಯತ್ಯಾಸ. ಅಕ್ಷರದೊಳಗಿನ ಬಿಡುವಿಗೆ ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಡಾಟ್‌ಗಳ ಸರಣಿಯೊಳಗಿನ ಬಿಡುವನ್ನು ಬಿಟ್ಟರೆ ಉಳಿದ ಬಿಡುವುಗಳೂ ಕೈಯವೇ.

ಇದು ಹುಟ್ಟಿದ್ದು ಅಮೆರಿಕದ ತಂತಿ ಕಚೇರಿಗಳಿಗಾಗಿ. ದಿನವಿಡೀ ಸ್ಟ್ರೇಟ್ ಕೀ ಬಡಿದು ತೋಳು ಸೋತುಹೋಗುವ ಬಾಧೆಗೆ ಅಲ್ಲಿನ ತಂತಿಗಾರರು ಗ್ಲಾಸ್ ಆರ್ಮ್, ಅಂದರೆ ಗಾಜಿನ ತೋಳು ಎಂದು ಹೆಸರಿಟ್ಟಿದ್ದರು. ಹೊರೇಸ್ ಮಾರ್ಟಿನ್ ಅವರು 1904ರಲ್ಲಿ ಪೇಟೆಂಟ್ ಪಡೆದ ವೈಬ್ರೊಪ್ಲೆಕ್ಸ್ ಆ ನೋವಿಗೆ ಸಿಕ್ಕ ಪರಿಹಾರ. ಮೇಲೆ ಕೆಳಗೆ ಬಡಿಯುವ ಬದಲು ಕೈಯನ್ನು ಮೇಜಿನ ಮೇಲೆ ಒರಗಿಸಿ ಅಡ್ಡಡ್ಡವಾಗಿ ಆಡಿಸಿದರೆ ಸಾಕಾಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಆಟಿಕೆ ರೈಲುಗಳಿಗೆ ಹೆಸರಾದ ಲಯೊನೆಲ್ ಕಂಪನಿ ಕೂಡ ಅಮೆರಿಕದ ಸೈನ್ಯಕ್ಕಾಗಿ ಜೆ-36 ಎಂಬ ಬಗ್ ತಯಾರಿಸಿತು. ಜಪಾನಿನ ಹೈಮೌಂಡ್ ಬಿಕೆ-100 ನಮ್ಮ ಕಾಲದ ಹವ್ಯಾಸಿಗಳ ಮೇಜಿನ ಮೇಲೆ ಕಾಣಸಿಗುವ ಇನ್ನೊಂದು ಮಾದರಿ. ನನ್ನ ಬಳಿ ಇರುವುದು ವೈಬ್ರೊಪ್ಲೆಕ್ಸ್ ಒರಿಜಿನಲ್. ಮಂಗಳೂರಿನಲ್ಲಿ ನೆಲೆಸಿರುವ, ಹಡಗಿನ ರೇಡಿಯೊ ಅಧಿಕಾರಿಯಾಗಿ ನಿವೃತ್ತರಾದ ಹಿರಿಯರೊಬ್ಬರು ಅದನ್ನು ಕೊಟ್ಟರು. 1999ರ ಫೆಬ್ರವರಿ 1ರಂದು ಹಡಗುಗಳ ಹೊಸ ಉಪಗ್ರಹ ಆಧಾರಿತ ಸುರಕ್ಷತಾ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು ಸಮುದ್ರದ ಮೇಲೆ ಮೋರ್ಸ್‌ನ ಕಾಲ ಮುಗಿದ ನಂತರ ಅದು ಅವರ ಕಪಾಟಿನಲ್ಲೇ ಇತ್ತು.

ಬಗ್ ಕೈಗೆ ಬಂದವರೆಲ್ಲ ಮಾಡುವ ತಪ್ಪೊಂದಿದೆ. ಅದನ್ನು ನಾನು ಒಂದು ವರ್ಷ ಮಾಡಿದೆ. ಡಾಟ್‌ಗಳು ಸರಾಗವಾಗಿ ಹರಿಯುವುದನ್ನು ಕೇಳುವ ಸುಖಕ್ಕೆ ಅವನ್ನು ವೇಗವಾಗಿಯೇ ಬಿಟ್ಟು, ಡ್ಯಾಶ್‌ಗಳನ್ನು ನಮ್ಮ ಹಳೆಯ ನಡಿಗೆಯಲ್ಲೇ ಹಾಕುತ್ತೇವೆ. ಲೆಕ್ಕ ಹಾಕಿ ನೋಡಿದರೆ ಇದರ ಕೆಡುಕು ಕಣ್ಣಿಗೆ ಕಾಣುತ್ತದೆ. ಮೋರ್ಸ್‌ನ ವೇಗವನ್ನು ಅಳೆಯುವುದು 50 ಮಾತ್ರೆಗಳ ಪ್ಯಾರಿಸ್ ಎಂಬ ಪದದಿಂದ. ಹಾಗಾಗಿ ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಡಾಟ್ 60 ಮಿಲಿಸೆಕೆಂಡ್, 30 ಪದಗಳಲ್ಲಿ 40 ಮಿಲಿಸೆಕೆಂಡ್. ನನ್ನ ಡಾಟ್‌ಗಳು ಆಗ 30ರಲ್ಲಿ ಓಡುತ್ತಿದ್ದವು, ಡ್ಯಾಶ್‌ಗಳು 16ರಲ್ಲಿ ನಡೆಯುತ್ತಿದ್ದವು. 16 ಪದಗಳ ವೇಗದ ಡ್ಯಾಶ್ 225 ಮಿಲಿಸೆಕೆಂಡ್, ಅಂದರೆ ಮೂರು ಡಾಟಿನಷ್ಟಿರಬೇಕಾದ ಡ್ಯಾಶ್ ಐದೂವರೆ ಡಾಟಿನಷ್ಟು ಎಳೆದಿತ್ತು. ಕೇಳುವವರಿಗೆ ಇದು ಇಬ್ಬರು ಬೇರೆ ಬೇರೆ ತಾಳದಲ್ಲಿ ಒಂದೇ ಪದವನ್ನು ಹಾಡಿದಂತೆ. ಬಗ್‌ಗೆ ಕೆಟ್ಟ ಹೆಸರು ಬಂದಿರುವುದು ಹೆಚ್ಚಾಗಿ ಇದರಿಂದಲೇ ಎಂದು ನನ್ನ ಖಚಿತ ಅಭಿಪ್ರಾಯ. ಯಂತ್ರದ ಲಘುವಿನ ಹಿಂದೆ ಕೈ ಓಡಬಾರದು. ಕೈಯ ಗುರುವಿಗೆ ತಕ್ಕಂತೆ ಯಂತ್ರವನ್ನು ನಿಧಾನಿಸಬೇಕು.

ನಮ್ಮಲ್ಲಿ ಈ ತೊಂದರೆ ಹೆಚ್ಚಲು ಕಾರಣವೂ ಇದೆ. ನಮ್ಮ ಹ್ಯಾಮ್ ಪರವಾನಗಿಯ ಜನರಲ್ ಗ್ರೇಡ್ ಪರೀಕ್ಷೆಯಲ್ಲಿ ಕೇಳುವ ಮೋರ್ಸ್ ವೇಗ ನಿಮಿಷಕ್ಕೆ 8 ಪದ. ಅಲ್ಲಿಂದ ನೇರವಾಗಿ ಬಗ್‌ಗೆ ಬಂದವರ ಕೈ 12ರಲ್ಲೋ 13ರಲ್ಲೋ ಇರುತ್ತದೆ, ಆದರೆ ವೃತ್ತಿಪರ ತಂತಿಗಾರರಿಗೆಂದು ರೂಪುಗೊಂಡ ಈ ಯಂತ್ರ ಅಷ್ಟು ಕೆಳಗಿಳಿಯುವುದೇ ಇಲ್ಲ. ನನ್ನದರಲ್ಲಿ ತೂಕದ ಬಿಲ್ಲೆಯನ್ನು ಲೋಲಕದ ಕಟ್ಟಕಡೆಗೆ ಸರಿಸಿದರೂ ವೇಗ 23ಕ್ಕಿಂತ ಕಡಿಮೆಯಾಗಲಿಲ್ಲ. ಅಳೆಯುವುದು ಸುಲಭ: ಮೊಬೈಲಿನಲ್ಲಿ ಸೈಡ್‌ಟೋನ್ (ನಾವು ಬಡಿಯುವುದನ್ನು ನಮಗೇ ಕೇಳಿಸುವ ಸದ್ದು) ಮುದ್ರಿಸಿಕೊಂಡು, ಅಲೆಯ ಚಿತ್ರದಲ್ಲಿ ಒಂದು ಸೆಕೆಂಡಿಗೆ ಎಷ್ಟು ಡಾಟ್ ಬಿದ್ದಿವೆ ಎಂದು ಎಣಿಸಿ 2.4ರಿಂದ ಗುಣಿಸಿದರೆ ನಿಮಿಷದ ಪದಗಳ ಲೆಕ್ಕ ಸಿಗುತ್ತದೆ. ಹತ್ತು ಡಾಟ್ ಬಿದ್ದರೆ 24 ಪದ.

ಕೆಳಗಿಳಿಸುವ ದಾರಿ ಎರಡು. ಲೋಲಕದ ತೋಳಿನ ಸ್ವಂತ ತೂಕವನ್ನು ಬದಿಗಿಟ್ಟರೆ, ಕಂಪನದ ಅವಧಿ ಬಿಲ್ಲೆಯ ದೂರಕ್ಕೆ ನೇರವಾಗಿಯೂ ಬಿಲ್ಲೆಯ ತೂಕಕ್ಕೆ ವರ್ಗಮೂಲದ ಪ್ರಮಾಣದಲ್ಲಿಯೂ ಹೆಚ್ಚುತ್ತದೆ. ಆದ್ದರಿಂದ ತೂಕ ಎರಡರಷ್ಟಾದರೂ ವೇಗ ಅರ್ಧಕ್ಕಿಳಿಯುವುದಿಲ್ಲ, ಸುಮಾರು ಮೂರರಲ್ಲೊಂದು ಪಾಲು ಮಾತ್ರ ತಗ್ಗುತ್ತದೆ. ದೂರ ಹೆಚ್ಚಿಸುವುದೇ ಹೆಚ್ಚು ಫಲಕಾರಿ, ಅದಕ್ಕಾಗಿಯೇ ಕೆಲವರು ತೋಳಿನ ತುದಿಗೆ ಹಿತ್ತಾಳೆಯ ಕೊಳವೆ ತೊಡಿಸಿ ಉದ್ದ ಮಾಡುತ್ತಾರೆ. ನಾನು ಬೈಕಂಪಾಡಿಯ ಲೇತ್ ಕಾರ್ಖಾನೆಯೊಂದರಲ್ಲಿ ಹಿತ್ತಾಳೆಯ ಇನ್ನೊಂದು ಬಿಲ್ಲೆಯನ್ನು ಕಡೆಸಿಕೊಂಡೆ, ಏಕೆಂದರೆ ಹಿರಿಯರ ಕೀಯ ಉದ್ದ ಬದಲಿಸಲು ಮನಸ್ಸಾಗಲಿಲ್ಲ. ಎರಡು ಬಿಲ್ಲೆಗಳೊಂದಿಗೆ ವೇಗ 17ಕ್ಕೆ ಬಂತು, ನನ್ನ ಡ್ಯಾಶಿನ ನಡಿಗೆಯೂ ಸುಮಾರು ಅಷ್ಟೇ. ಆದರೆ ಭಾರ ಹೆಚ್ಚಾದಾಗ ತೋಳು ಕೂದಲೆಳೆಯಷ್ಟು ತಗ್ಗುತ್ತದೆ, ಡಾಟ್ ಕಾಂಟ್ಯಾಕ್ಟ್‌ಗಳು ಮುಖಾಮುಖಿಯಾಗದೆ ಅಂಚಿನಲ್ಲಿ ತಾಗುತ್ತವೆ. ಬಿಲ್ಲೆ ಬದಲಿಸಿದ ಮೇಲೆ ಭೂತಗನ್ನಡಿಯಲ್ಲಿ ನೋಡಿ ಎತ್ತರ ಸರಿಪಡಿಸಲೇಬೇಕು.

ಹೊಂದಾಣಿಕೆಯಲ್ಲಿ ಕ್ರಮವೇ ಮುಖ್ಯ, ಏಕೆಂದರೆ ಹಿಂದಿನ ಸ್ಕ್ರೂ ಸರಿಯಿಲ್ಲದೆ ಮುಂದಿನದನ್ನು ತಿರುಗಿಸಿದರೆ ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ. ಮೊದಲು ಚೌಕಟ್ಟಿನ ಮೇಲೆ ಕೆಳಗಿನ ಪಿವಟ್ ಸ್ಕ್ರೂಗಳು: ಬೆರಳಿಡುವ ಸನ್ನೆಯನ್ನು (ಲಿವರ್) ಮೇಲಕ್ಕೂ ಕೆಳಕ್ಕೂ ಅಲುಗಿಸಿದರೆ ಅಲುಗಬಾರದು, ಅಡ್ಡಕ್ಕೆ ಮಾತ್ರ ತಡೆಯಿಲ್ಲದೆ ತಿರುಗಬೇಕು. ಇಲ್ಲಿ ಒಂದು ಎಚ್ಚರ ಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ತುಸು ತಿರುಗಿಬಿಡುತ್ತದೆ, ಹಾಗಾಗಿ ನಟ್ ಬಿಗಿದ ಮೇಲೆಯೇ ಪರೀಕ್ಷಿಸಬೇಕು. ಅನಂತರ ವಿಶ್ರಾಂತ ಸ್ಥಿತಿಯಲ್ಲಿ ಲೋಲಕ ಡ್ಯಾಂಪರ್‌ನ ಚಕ್ರವನ್ನು ಮೆಲ್ಲಗೆ ಮುಟ್ಟಿರುವಂತೆ ಹಿಂದಿನ ತಡೆಸ್ಕ್ರೂವನ್ನು ನಿಲ್ಲಿಸಬೇಕು. ಹೆಬ್ಬೆರಳು ತೆಗೆದ ಕೂಡಲೇ ಕಂಪನವನ್ನು ನುಂಗಿ ಸುಮ್ಮನಾಗಿಸುವುದು ಈ ಚಕ್ರದ ಕೆಲಸ. ಅದು ದೂರವಿದ್ದರೆ ಅಕ್ಷರ ಮುಗಿದ ಮೇಲೆ ಅನಾಥ ಡಾಟೊಂದು ಹೊರಬೀಳುತ್ತದೆ, ಒತ್ತಿ ಕೂತರೆ ಲೋಲಕ ಹೊರಡಲು ಬಲ ಬೇಕಾಗುತ್ತದೆ. ಸನ್ನೆಯ ಓಡಾಟವನ್ನು ಮಿತಿಗೊಳಿಸುವ ಇನ್ನೊಂದು ಸ್ಕ್ರೂ ಆಮೇಲಿನದು. ತೀರ ಕಡಿಮೆ ಬಿಟ್ಟರೆ ಲೋಲಕಕ್ಕೆ ಚಿಮ್ಮುವ ಶಕ್ತಿ ಸಿಗುವುದಿಲ್ಲ, ಹೆಚ್ಚು ಬಿಟ್ಟರೆ ಬೆರಳು ಬೇಗ ದಣಿಯುತ್ತದೆ.

ಇಷ್ಟಾದ ಮೇಲೆ ಡಾಟ್ ಕಾಂಟ್ಯಾಕ್ಟ್. ಬಗ್‌ನ ಗುಣವೆಲ್ಲ ಈ ಒಂದು ಸ್ಕ್ರೂವಿನಲ್ಲಿದೆ. ಸನ್ನೆಯನ್ನು ಬಲಕ್ಕೆ ಒತ್ತಿ ಹಿಡಿದು ಲೋಲಕದ ಕಂಪನ ಪೂರ್ತಿ ನಿಲ್ಲುವವರೆಗೂ ಕಾಯಬೇಕು. ನಿಂತ ಸ್ಥಿತಿಯಲ್ಲಿ ಯು ಆಕಾರದ ಪುಟ್ಟ ಸ್ಪ್ರಿಂಗಿನ ಮೇಲಿರುವ ಕಾಂಟ್ಯಾಕ್ಟ್, ಎದುರಿನ ಕಾಂಟ್ಯಾಕ್ಟನ್ನು ಬಾಗದೆ, ಬರೀ ಮುಟ್ಟುವ ಹಾಗೆ ಸ್ಕ್ರೂವನ್ನು ತರಬೇಕು. ಆಗ ಕಂಪನದ ಅರ್ಧ ಕಾಲ ಸಂಪರ್ಕ, ಅರ್ಧ ಕಾಲ ಬಿಡುವು; ಡಾಟ್ ಒಂದು ಮಾತ್ರೆ, ಅದರ ಹಿಂದಿನ ಮೌನವೂ ಒಂದು ಮಾತ್ರೆ. ಮುಳ್ಳಿನ ಹಳೆಯ ಮಲ್ಟಿಮೀಟರ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು. ಓಮ್ ಶ್ರೇಣಿಯಲ್ಲಿ ಕೀ ಮುಚ್ಚಿದಾಗ ಮುಳ್ಳು ಬಲತುದಿಗೆ ಹೋಗುತ್ತದೆ, ಡಾಟ್‌ಗಳು ಓಡುವಾಗ ಸರಿಸುಮಾರು ನಡುವೆ ನಡುಗುತ್ತ ನಿಲ್ಲಬೇಕು. ನಡುವಿಗಿಂತ ಬಲಕ್ಕಿದ್ದರೆ ಡಾಟ್‌ಗಳು ಒಂದಕ್ಕೊಂದು ಅಂಟುತ್ತಿವೆ. ಎಡಕ್ಕಿದ್ದರೆ ಅವು ಸಣಕಲಾಗಿ, ಸದ್ದುಗದ್ದಲದ ಬ್ಯಾಂಡಿನಲ್ಲಿ ಕಳೆದುಹೋಗುತ್ತವೆ. ಒಮ್ಮೆ ತಳ್ಳಿದರೆ ಹತ್ತಕ್ಕಿಂತ ಹೆಚ್ಚು ಸ್ವಚ್ಛ ಡಾಟ್ ಬರುವ ಬಗ್ ಚೆನ್ನಾಗಿದೆ ಎಂದೇ ತಿಳಿಯಬೇಕು, ಏಕೆಂದರೆ ಅಂಕಿ 5ಕ್ಕೂ ಐದು ಡಾಟ್ ಸಾಕು. ಡ್ಯಾಶ್ ಬದಿಯ ಅಂತರ ಮತ್ತು ಸ್ಪ್ರಿಂಗಿನ ಬಿಗಿ ಅವರವರ ಬೆರಳಿಗೆ ಬಿಟ್ಟದ್ದು.

ಇನ್ನು ಕಾಂಟ್ಯಾಕ್ಟ್‌ಗಳ ಶುಚಿ. ಹಿರಿಯರು ಕೀಯನ್ನು ಕಪಾಟಿಗಿಡುವಾಗ ತೋಳು ಅಲುಗದಿರಲೆಂದು ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ರಬ್ಬರಿನಲ್ಲಿ ಗಂಧಕವಿರುತ್ತದೆ, ಬೆಳ್ಳಿ ಗಂಧಕದೊಂದಿಗೆ ಸೇರಿ ಕಪ್ಪಾಗುತ್ತದೆ. ನನ್ನ ಕೈಗೆ ಬಂದಾಗ ಬ್ಯಾಂಡ್ ಕರಗಿ ಅಂಟಾಗಿತ್ತು, ಬೆಳ್ಳಿಯ ಕಾಂಟ್ಯಾಕ್ಟ್‌ಗಳು ಮಸಿಯ ಬಣ್ಣಕ್ಕೆ ತಿರುಗಿದ್ದವು. ಹಳೆಯ ವಾಲ್ವ್ ಟ್ರಾನ್ಸ್‌ಮಿಟರ್‌ಗಳಲ್ಲಿ ಕೀಯ ನಡುವೆ ಹೆಚ್ಚಿನ ವೋಲ್ಟೇಜ್ ಇರುತ್ತಿದ್ದುದರಿಂದ ಇಂಥ ತೆಳುಪದರವನ್ನು ಅದು ಭೇದಿಸಿಕೊಂಡು ಹೋಗುತ್ತಿತ್ತು. ಇಂದಿನ ಟ್ರಾನ್ಸ್‌ಸೀವರ್ (ಕಳಿಸುವ, ಕೇಳುವ ಎರಡೂ ಕೆಲಸದ ರೇಡಿಯೊ) ಕೀಗೆ ಕೊಡುವುದು ಕೆಲವೇ ವೋಲ್ಟ್, ಅದಕ್ಕೆ ಸಣ್ಣ ಕೊಳೆಯೂ ಗೋಡೆಯೇ. ಆದರೂ ಅರ ಅಥವಾ ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ಅವು ಮಾಡಿದ ಗೀರುಗಳಲ್ಲಿ ಮತ್ತೆ ಕೊಳೆ ಕೂರುತ್ತದೆ, ಬೆಳ್ಳಿಯಂತೂ ಮರಳಿ ಬಾರದು. ದಪ್ಪ ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿ, ಕಾಂಟ್ಯಾಕ್ಟ್‌ಗಳ ನಡುವೆ ಮೆಲ್ಲಗೆ ಹಿಡಿದು ಎಳೆದು, ಆಮೇಲೆ ಒಣ ಪಟ್ಟಿಯಿಂದ ಹಾಗೆಯೇ ಮಾಡಿದೆ. ಕಾಗದ ಕಪ್ಪಾಗುವುದು ನಿಲ್ಲುವ ಹೊತ್ತಿಗೆ ಅರ್ಧ ತಾಸು ಕಳೆದಿತ್ತು, ಬೆಳ್ಳಿ ಮತ್ತೆ ಕಂಡಿತ್ತು.

ಶುಚಿಯಾದ ಮೇಲೂ ಡಾಟ್‌ಗಳಲ್ಲಿ ಕರಕರ ಕೇಳಿದರೆ ಅದು ಕಾಂಟ್ಯಾಕ್ಟ್ ಪುಟಿಯುವುದರಿಂದ. ಯು ಸ್ಪ್ರಿಂಗಿನ ಒಳಗೆ ಹತ್ತಿಯ ನೂಲನ್ನೋ ಮೃದುವಾದ ಫೋಮಿನ ಚೂರನ್ನೋ ಸಿಕ್ಕಿಸಿದರೆ ಪುಟಿತ ಅಡಗುತ್ತದೆ. ನನ್ನದಕ್ಕೆ ನೂಲೇ ಸಾಕಾಯಿತು. ಟ್ರಾನ್ಸ್‌ಸೀವರ್‌ನ ಮೆನುವಿನಲ್ಲಿ ಒಳಗಿನ ಕೀಯರನ್ನು ಬಂದ್ ಮಾಡಿ ಸ್ಟ್ರೇಟ್ ಕೀ ಎಂದು ಆರಿಸುವುದನ್ನು ಮರೆಯಬಾರದು, ಬಗ್‌ಗೆ ಇರುವುದು ಎರಡೇ ತಂತಿ.

ಕೈಯ ವಿಚಾರದಲ್ಲಿ ನನಗೆ ನೆರವಾದದ್ದು ಕಿವಿ. ಹೆಬ್ಬೆರಳನ್ನು ಡಾಟ್ ಎಣಿಸಿ ತೆಗೆಯುವುದಲ್ಲ, ಕೊನೆಯ ಡಾಟ್ ಕೇಳುತ್ತಿರುವಾಗಲೇ ತೆಗೆಯಬೇಕು. ಎಣಿಸಿ ನಿರ್ಧರಿಸುವಷ್ಟರಲ್ಲಿ ಮುಂದಿನದು ಹೊರಟಿರುತ್ತದೆ. ಎಸ್, ಎಚ್, 5 ಎಂಬ ಮೂರು, ನಾಲ್ಕು, ಐದು ಡಾಟಿನ ಸಂಕೇತಗಳನ್ನು ಒಂದರ ಹಿಂದೆ ಒಂದರಂತೆ, ಟ್ರಾನ್ಸ್‌ಮಿಟರ್ ಆಫ್ ಮಾಡಿ ಸೈಡ್‌ಟೋನ್‌ನಲ್ಲಿ ಮಾತ್ರ ಕೇಳಿಕೊಂಡು ಎರಡು ತಿಂಗಳು ಅಭ್ಯಾಸ ಮಾಡಿದೆ. ಬೆರಳುಗಳು ಸನ್ನೆಯಿಂದ ದೂರ ಹೋಗಿ ಬಂದು ಬಡಿಯದೆ, ಅದಕ್ಕೆ ಅಂಟಿದಂತೆ ಇದ್ದು ಮಣಿಕಟ್ಟು ತುಸುವೇ ಹೊರಳಬೇಕು. ಯಾಂತ್ರಿಕ ಕೀಗಳಿಗೇ ಮೀಸಲಾದ ಸ್ಟ್ರೇಟ್ ಕೀ ಸೆಂಚುರಿ ಕ್ಲಬ್ ಬಗ್ಗನ್ನೂ ಒಪ್ಪುತ್ತದೆ, ಎಲೆಕ್ಟ್ರಾನಿಕ್ ಕೀಯರನ್ನು ಒಪ್ಪುವುದಿಲ್ಲ. ಅವರು ಸೇರುವ 14.050 ಮೆಗಾಹರ್ಟ್ಜ್‌ನಲ್ಲಿ ಸಂಜೆ ಯುರೋಪಿನ ಹಾದಿ ತೆರೆದಾಗ, ಪ್ರತಿಯೊಬ್ಬರ ಡ್ಯಾಶ್ ಎಷ್ಟು ಬೇರೆ ಎಂಬುದು ಕೇಳಿದ ಕೂಡಲೇ ತಿಳಿಯುತ್ತದೆ. ಕಾಲ್ ಸೈನ್ ಬರುವ ಮೊದಲೇ ಆಸಾಮಿಯ ಗುರುತು ಹತ್ತುವ ಸಂತೋಷ ನನಗೆ ಈ ಹವ್ಯಾಸದ ಬೇರಾವ ಭಾಗದಲ್ಲೂ ಸಿಕ್ಕಿಲ್ಲ.

ಕರಾವಳಿಯಲ್ಲಿ ಕೀಯ ನಿಜವಾದ ಶತ್ರು ಉಪ್ಪಿನ ತೇವ. ಚಪ್ಪಟೆ ಸ್ಪ್ರಿಂಗಿನಲ್ಲಿ ತುಕ್ಕಿನ ಚುಕ್ಕೆ ಎದ್ದರೆ ಅಲ್ಲಿಂದಲೇ ಮುರಿಯುತ್ತದೆ, ಆದ್ದರಿಂದ ಬಳಸಿದ ಮೇಲೆ ಬೆವರಿನ ಬೆರಳಚ್ಚನ್ನು ಒಣಬಟ್ಟೆಯಿಂದ ಒರೆಸುತ್ತೇನೆ. ಸ್ಪ್ರಿಂಗನ್ನು ಬಗ್ಗಿಸಿ ಸರಿಮಾಡುವ ಪ್ರಯತ್ನ ಮಾತ್ರ ಎಂದಿಗೂ ಇಲ್ಲ. ಪಿವಟ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಿಂದ ಒಂದು ಹನಿ, ವರ್ಷಕ್ಕೆರಡು ಬಾರಿ. ಹೆಚ್ಚು ಹಾಕಿದರೆ ಧೂಳು ಕೂತು ಅರೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿಮುಚ್ಚಳದ ಡಬ್ಬದಲ್ಲಿರುತ್ತದೆ, ರಬ್ಬರ್ ಬ್ಯಾಂಡಿನ ಬದಲು ಹತ್ತಿಯ ದಾರ ಕಟ್ಟಿಸಿಕೊಂಡು. ಕಳೆದ ವಾರ ಹೊರತೆಗೆದು ಅಳೆದಾಗ ಸೆಕೆಂಡಿಗೆ ಏಳು ಡಾಟ್, ಮೊದಲಿನಂತೆಯೇ. ಅದೇ ಸಂಜೆ ಉತ್ತರಿಸಿದವರು ನನ್ನ ಕಾಲ್ ಸೈನನ್ನು ವಿಯಿಂದಲೇ ಆರಂಭಿಸಿದರು.